ಚುಕ್ಕೆಯ ಆಚೆ

೩ ಫೆಬ್ರುವರಿ

ಅಕ್ಕ,

ನಾವಿಬ್ಬರೂ ಫೋನಿನಲ್ಲಿ ಕೂಗಾಡಿದ ದಿನ ಅಮ್ಮ ಹೊರಡಿಸಿದ ಕಟ್ಟಪ್ಪಣೆ ನೆನಪಿದೆ ತಾನೆ? "ಇನ್ಮೇಲೆ ಇಬ್ರೂ ಫೋನ್ ಮುಟ್ಟಬೇಡಿ. ಏನಿದ್ರೂ ಕಾಗದ ಬರ್ಕೊಳ್ಳಿ. ಬರೆಯೋ ಹೊತ್ತಿಗಾದ್ರೂ ಅರ್ಧ ಸಿಟ್ಟು ಇಳಿಯುತ್ತೆ." ನನ್ನದು ಇಳಿದಿಲ್ಲ. ಪೆನ್ನು ಹಿಡಿದ ಮೇಲೆ ಇನ್ನೂ ಏರಿದೆ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಕೆಲಸ ನಿಂತಿದೆ.

ಕೃತಕ ಕಾಲಿನ ನಮ್ಮ ವರ್ಕ್‌ಶಾಪಿನಲ್ಲಿ (ಬೇಕಾದರೆ ನಿನ್ನ ವರ್ಕ್‌ಶಾಪು ಅಂತಲೇ ಓದಿಕೋ) ಹಳೆಯ ಕಂಪ್ಯೂಟರುಗಳನ್ನು ತೆಗೆದುಹಾಕುತ್ತಿದ್ದಾರೆ. ಅವುಗಳ ಆಪರೇಟಿಂಗ್ ಸಿಸ್ಟಮ್ಮನ್ನು ಮಾಡಿದವರೇ ಅದರ ಕೈಬಿಟ್ಟಿದ್ದಾರೆ. ಹೊಸ ಯಂತ್ರಗಳಲ್ಲಿ ಬೇರೆಯದೇ ಸಿಸ್ಟಮ್. ನಾನು ಬರೆದ ಮೇಲಿನ ಭಾಗ, ಅಂದರೆ ಪರದೆ, ಗುಂಡಿಗಳು, ಕಾಲಿನ ಚಿತ್ರ, ಎಲ್ಲ ಹೊಸ ಪ್ರೋಗ್ರಾಮಿಂಗ್ ಭಾಷೆಯದು. ಹಾಸಿಗೆ ಸುತ್ತಿಕೊಂಡು ಬಂದು ಹೊಸ ಮನೆಯಲ್ಲಿ ಆರಾಮಾಗಿ ಮಲಗಿತು. ನಿನ್ನ ಕೆಳಗಿನ ಭಾಗ, ಕಾಲು ಕೂರುವ ಸಾಕೆಟ್‌ನ ಆಕಾರ ಲೆಕ್ಕ ಹಾಕುವ ಆ ಕೋಡಿನ ಕಟ್ಟು, ನಿನ್ನ ಲೈಬ್ರರಿ, ಹಳೆಯ ಭಾಷೆಯದು, ಹಳೆಯ ಯಂತ್ರಕ್ಕೆ ಅರ್ಥವಾಗುವ ಹಾಗಷ್ಟೇ ತಿರುಗಿಸಿ ಕಂಪೈಲ್ ಮಾಡಿದ್ದು. ಅದು ಹೊಸ ಮನೆಯ ಹೊಸ್ತಿಲನ್ನೇ ದಾಟುತ್ತಿಲ್ಲ.

ನಿನ್ನ ಮೂಲ ಕೋಡನ್ನು ಹೊಸದಾಗಿ ಕಂಪೈಲ್ ಮಾಡೋಣ ಎಂದು ಕೂತರೆ ಸಾಲಿಗೊಂದು ತಕರಾರು. ಒಂದು ಕಡೆ ಫೈಲಿನ ಹೆಸರನ್ನು ದೊಡ್ಡಕ್ಷರದಲ್ಲಿ ಇಟ್ಟಿದ್ದೀಯ, ಇನ್ನೊಂದು ಕಡೆ ಅದನ್ನೇ ಸಣ್ಣಕ್ಷರದಲ್ಲಿ ಕರೆದಿದ್ದೀಯ. ಹಳೆಯ ಸಿಸ್ಟಮ್ಮಿಗೆ ಎರಡೂ ಒಂದೇ. ಹೊಸದು ಮಾತ್ರ "ಈ ಹೆಸರಿನವರು ಇಲ್ಲಿ ಯಾರೂ ಇಲ್ಲ" ಎಂದು ಬಾಗಿಲು ಹಾಕಿಕೊಳ್ಳುತ್ತದೆ. ಇಡೀ ಕೋಡಿನಲ್ಲಿ ನೀನು ಬರೆದಿರುವುದು ಒಂದೇ ಒಂದು ಟಿಪ್ಪಣಿ: "ಇದನ್ನು ಮುಟ್ಟಬೇಡಿ." ಯಾಕೆ ಮುಟ್ಟಬಾರದು, ಮುಟ್ಟಿದರೆ ಏನಾಗುತ್ತದೆ, ಅದೊಂದೂ ಇಲ್ಲ. ಇದು ಕೋಡೋ, ಕರೆಂಟಿನ ಕಂಬವೋ?

ನಿನ್ನನ್ನು ಕೇಳು ಎಂದು ಹೇಳಿದವರು ನಮ್ಮ ಮುಖ್ಯಸ್ಥರು, ನೀನೇ ಹೆಸರಿಟ್ಟ ಟೈ ಮಹಾಶಯರು. "ಅವಳ ಸಹಾಯ ತಗೋ, ಹಳೇದನ್ನೆಲ್ಲ ಮರೆತಿರ್ತಾಳೆ" ಅಂದರು.

(ಪುಟ ತಿರುಗಿಸು)

ಇನ್ನೆರಡು ವಿಷಯ. ಮಂಡಿಯ ಕೆಳಗೆ ಕತ್ತರಿಸಿ ಉಳಿದ ಅಮ್ಮನ ಕಾಲು ಸಣ್ಣಗಾಗಿದೆ, ಹಳೆಯ ಸಾಕೆಟ್ ಸಡಿಲವಾಗಿ ನಡೆಯುವಾಗ ಟಕ್ ಟಕ್ ಎನ್ನುತ್ತದೆ. ಹೊಸ ಯಂತ್ರದಿಂದ ಬರುವ ಮೊದಲ ಸಾಕೆಟ್ ತನಗೇ ಬೇಕೆಂದು ಹಟ ಹಿಡಿದಿದ್ದಾಳೆ. "ಪ್ರಯೋಗ ಮಾಡೋದಾದ್ರೆ ಬೇರೆಯವರ ಕಾಲ ಮೇಲೆ ಯಾಕೋ? ನನ್ನ ಮಕ್ಕಳು ಮಾಡಿದ್ದು, ನನ್ನ ಕಾಲಿಗೇ ಇರಲಿ" ಅನ್ನುತ್ತಾಳೆ. ನಿನಗೆ ಬೇಡ ಅನ್ನಿಸಿದರೆ ಹೇಳು, ನಿಲ್ಲಿಸುತ್ತೇನೆ.

ಇನ್ನೊಂದು, ಹೊಸ ಪರದೆ ಅಂಕಿಗಳನ್ನು ಯಂತ್ರದ ಜೊತೆಗೇ ಬಂದ ಯುರೋಪಿನ ಕ್ರಮದಲ್ಲಿ ತೋರಿಸುತ್ತದೆ. ಮೂರೂವರೆ ಎಂದರೆ ಮೂರು, ಅಲ್ಪವಿರಾಮ, ಐದು. "ಚುಕ್ಕೆ ಹೋಗಿ ಕೊಕ್ಕೆ ಬಂತಲ್ಲಪ್ಪ" ಎಂದು ಕಾಲು ಜೋಡಿಸುವ ಕಾಲಣ್ಣ ಗೊಣಗುತ್ತಾನೆ. ಇದು ಬರೀ ಪರದೆಯ ವಿಷಯವೋ, ಕೆಳಗೆ ನಿನ್ನ ಲೈಬ್ರರಿಗೂ ತಟ್ಟುತ್ತದೆಯೋ? ನನಗೆ ಗೊತ್ತಾಗುತ್ತಿಲ್ಲ, ನೀನು ಹೇಳಬೇಕು.

ನಿನ್ನ
ಬಾಲ


೧೪ ಫೆಬ್ರುವರಿ

ಬಾಲಕ್ಕೆ,

ಮರೆತಿರ್ತಾಳೆ ಅಂದರಂತೆ! ನಾನು ಮರೆತಿಲ್ಲ ಎಂದು ನಿನ್ನ ಟೈ ಮಹಾಶಯರಿಗೆ ಹೋಗಿ ಹೇಳು. ನಾನು ಬರೆದ ಲೆಕ್ಕವನ್ನು ಆ ಮನುಷ್ಯ ವೇದಿಕೆ ಮೇಲೆ ನಿಂತು ತನ್ನದೇ ಎಂದು ಓದಿದ್ದು, ನಾನು ಎದ್ದು ನಿಂತು "ಅದು ನನ್ನದು" ಅಂದದ್ದು, ಮರುವಾರ ಬಂದಾಗ ನನ್ನ ಕುರ್ಚಿ ಉಗ್ರಾಣದಲ್ಲಿ ಹಳೆಯ ಕೃತಕ ಪಾದಗಳ ನಡುವೆ ಬಿದ್ದಿದ್ದದ್ದು, ಒಂದೊಂದೂ ನೆನಪಿದೆ. ಆ ಕುರ್ಚಿಗೆ ಧೂಳು ಕೂರುವ ಮೊದಲೇ ನನ್ನ ತಮ್ಮ ಬಂದು ಕೂತದ್ದೂ ನೆನಪಿದೆ. ಚಿಕ್ಕಂದಿನಲ್ಲಿ ನನ್ನ ಬಟ್ಟೆಯ ಚುಂಗು ಹಿಡಿದು ಎಲ್ಲಿಗೆ ಹೋದರೂ ಹಿಂದೆ ಬರುತ್ತಿದ್ದೆ ಎಂದು ನಿನ್ನನ್ನು ಬಾಲ ಅಂದೆವು. ನನ್ನ ಕುರ್ಚಿಯವರೆಗೂ ಹಿಂಬಾಲಿಸುತ್ತೀಯ ಎಂದು ಗೊತ್ತಿದ್ದರೆ ಆಗಲೇ ಕೈ ಕೊಡವಿಕೊಳ್ಳುತ್ತಿದ್ದೆ.

ಈಗ ನಾನು ಲಿಫ್ಟುಗಳಿಗೆ ಕೋಡು ಬರೆಯುತ್ತೇನೆ. ಬೆಳಗಿನಿಂದ ಸಂಜೆಯವರೆಗೆ ಒಂದು ಖಾಲಿ ಪೆಟ್ಟಿಗೆಯನ್ನು ಮೇಲೆ ಕಳಿಸುವುದು, ಕೆಳಗೆ ಕರೆಸುವುದು. ಕೆಳಗಡೆ ಬೀಗದ ಕೈ ಮಾಡುವವನ ಅಂಗಡಿ, ಮೇಲೆ ನನ್ನ ಕೋಣೆ, ದಿನವೆಲ್ಲ ಕಬ್ಬಿಣ ಉಜ್ಜುವ ಸದ್ದು. ಯಾರೂ ನನ್ನನ್ನು ಸಹಾಯ ಕೇಳುವುದಿಲ್ಲ. ಕೇಳಿದವನು ನೀನೊಬ್ಬ, ಅದೂ ಆ ಮನುಷ್ಯ ಹೇಳಿಕೊಟ್ಟ ಮೇಲೆ.

ಕೇಳಿದ್ದಕ್ಕೆ ಉತ್ತರ: ಫೈಲುಗಳ ಹೆಸರನ್ನೆಲ್ಲ ಸಣ್ಣಕ್ಷರಕ್ಕೆ ಇಳಿಸು, ಕರೆಯುವ ಕಡೆಯೂ ಇಳಿಸು. ಅದು ಗುಮಾಸ್ತನ ಕೆಲಸ, ನಿನಗೆ ಸರಿಹೊಂದುತ್ತದೆ. "ಮುಟ್ಟಬೇಡಿ" ಎಂದಿರುವುದು ಎಲುಬಿನ ತುದಿಗೆ ಜಾಗ ಬಿಡುವ ಲೆಕ್ಕ. ಮಾಂಸ ಒತ್ತಡ ತಡೆಯುತ್ತದೆ, ಎಲುಬಿನ ತುದಿಯ ಮೇಲಿನ ಚರ್ಮ ತಡೆಯುವುದಿಲ್ಲ. ಅಲ್ಲಿ ಎಷ್ಟು ಮಿಲಿಮೀಟರು ಬಿಡಬೇಕೆಂದು ಕಾಲಣ್ಣ ಒಬ್ಬೊಬ್ಬರ ಅಳತೆಯ ಫೈಲಿನಲ್ಲೂ ಬರೆದಿರುತ್ತಾನೆ, ಲೈಬ್ರರಿ ಅದನ್ನು ಓದಿ ಅಷ್ಟು ಬಿಡುತ್ತದೆ. ಕೂದಲೆಳೆಯಷ್ಟು ಕಮ್ಮಿಯಾದರೂ ಚರ್ಮ ಒಡೆಯುತ್ತದೆ. ಅದಕ್ಕೇ ಮುಟ್ಟಬೇಡಿ ಅಂದದ್ದು. ಈಗ ತಿಳಿಯಿತಾ, ಕರೆಂಟಿನ ಕಂಬ?

ಅಕ್ಕ


೯ ಮಾರ್ಚ್

ಅಕ್ಕ,

ಪುಟಗಟ್ಟಲೆ ಬೈದೆ. ಅಮ್ಮ ಹೇಗಿದ್ದಾಳೆ ಎಂದು ಒಂದು ಸಾಲು ಕೇಳಲಿಲ್ಲ. ನಾನು ಕೇಳಿದ್ದರಲ್ಲಿ ಅರ್ಧಕ್ಕೆ ಉತ್ತರ ಕೊಟ್ಟೆ, ಇನ್ನರ್ಧ ನಿನ್ನ ಘನತೆಗೆ ತಕ್ಕದ್ದಲ್ಲ ಅನ್ನಿಸಿತೋ ಏನೋ. ಆಯಿತು. ಹೇಳದೆ ಬಿಟ್ಟಿದ್ದಾಳೆ ಎಂದರೆ ತೊಂದರೆಯಿಲ್ಲ ಎಂದೇ ಅರ್ಥ ಮಾಡಿಕೊಂಡೆ.

ಗುಮಾಸ್ತನ ಕೆಲಸ ಮುಗಿಯಿತು. ನಿನ್ನ ಲೈಬ್ರರಿ ಹೊಸ ಸಿಸ್ಟಮ್ಮಿನಲ್ಲಿ ಕಂಪೈಲ್ ಆಯಿತು. ನನ್ನ ಮೇಲಿನ ಭಾಗ ಕರೆದರೆ ಓಗೊಡುತ್ತದೆ. ಕಾಲಣ್ಣ ಕೆತ್ತುವ ಯಂತ್ರದ ಮುಂದೆ ನಿಂತು ಮೊದಲ ಅಚ್ಚು ಹೊರಬರುವಾಗ ಮಗು ಹುಟ್ಟಿದವರ ಹಾಗೆ ಕೈ ಒರೆಸಿಕೊಂಡ.

ಅಮ್ಮನಿಗೆ ಹೊಸ ಸಾಕೆಟ್ ಹಾಕಿ ಹತ್ತು ದಿನವಾಯಿತು. ಪಿ.ಟಿ. ಟೀಚರು ನಿವೃತ್ತಿಯಾದರೂ ಸೀಟಿ ನಿವೃತ್ತಿಯಾಗಿಲ್ಲ. ಬೆಳಿಗ್ಗೆ ಅಂಗಳದಲ್ಲಿ ತಾನೇ ಸೀಟಿ ಊದಿ, ತಾನೇ ಲೆಫ್ಟ್ ರೈಟ್ ಹೇಳಿಕೊಂಡು ಸುತ್ತು ಹಾಕುತ್ತಾಳೆ. ಹೇಗಿದೆ ಎಂದು ಕೇಳಿದರೆ "ಚೆನ್ನಾಗಿದೆ ಕಣೋ, ಬಟ್ಟಲಲ್ಲಿ ಬೆಣ್ಣೆ ಇಟ್ಟ ಹಾಗಿದೆ" ಅನ್ನುತ್ತಾಳೆ. ಸಾಕೆಟ್ಟಿಗೆ ಅವಳು ಬಟ್ಟಲು ಅಂತಲೇ ಹೇಳುವುದು.

ನಿನ್ನ ಸಹಾಯಕ್ಕೆ ಧನ್ಯವಾದ. ಇನ್ನು ಬೇಕಾಗಲಿಕ್ಕಿಲ್ಲ.

ಬಾಲ


೨೦ ಮಾರ್ಚ್

ಅಮ್ಮನ ಕಾಲಿಗೆ ಹಾಕಿದೆಯಾ? ಹೇಳದೆ ಕೇಳದೆ?

ನಿನಗೆ ತಲೆಯಲ್ಲಿ ಏನಿದೆ? ಬೇರೆ ಸಿಸ್ಟಮ್ಮಿಗೆ ಈಗಷ್ಟೇ ಹೋದ ಪ್ರೋಗ್ರಾಮು, ಅದರಿಂದ ಹೊರಬಿದ್ದ ಮೊಟ್ಟಮೊದಲ ಸಾಕೆಟ್, ಅದನ್ನು ಹೆತ್ತ ತಾಯಿಯ ಕಾಲಿಗೆ ತೊಡಿಸಿ ಹತ್ತು ದಿನವಾದ ಮೇಲೆ ನನಗೆ ತಿಳಿಸುತ್ತೀಯ? ಸಕ್ಕರೆ ಕಾಯಿಲೆಯವಳು ಅವಳು. ಆ ಕಾಲಿನಲ್ಲಿ ಅರ್ಧಂಬರ್ಧ ಸ್ಪರ್ಶ. ನೋವಾದರೂ ಅವಳಿಗೆ ಸರಿಯಾಗಿ ಗೊತ್ತಾಗುವುದಿಲ್ಲ, ಗೊತ್ತಾದರೂ ಅವಳು ಹೇಳುವುದಿಲ್ಲ. ಬಸ್ಸಿನ ಚಕ್ರ ಪಾದದ ಮೇಲೆ ಹೋದ ದಿನವೂ "ಸ್ವಲ್ಪ ತರಚಿದೆ" ಅಂದವಳು ಅಮ್ಮ. ಅವಳ ಚೆನ್ನಾಗಿದೆಯನ್ನು ನಂಬುವವನು ನೀನೊಬ್ಬನೇ.

ನನ್ನನ್ನು ಒಂದು ಮಾತು ಕೇಳಿದ್ದರೆ ಬೇಡ ಎನ್ನುತ್ತಿದ್ದೆ. ಬೇರೆ ಅಚ್ಚಿನ ಮೇಲೆ ಅಳೆದು ನೋಡು, ಆಮೇಲೆ ಮನುಷ್ಯರಿಗೆ ಹಾಕು ಎನ್ನುತ್ತಿದ್ದೆ. ಆದರೆ ಕೇಳುವವರು ಯಾರು? ಕೆಲಸ ಕೆಟ್ಟಾಗ ಅಕ್ಕ, ಕೆಲಸ ಆದಮೇಲೆ ಧನ್ಯವಾದ.

ಪ್ರತಿದಿನ ಸಾಕೆಟ್ ಬಿಚ್ಚಿ ಎಲುಬಿನ ತುದಿ ನೋಡು. ಕೆಂಪಾಗಿದ್ದರೆ ಆ ಕ್ಷಣವೇ ತೆಗೆ.

ಅಕ್ಕ


೬ ಏಪ್ರಿಲ್

ಮಾನ್ಯರೇ,

ತಾವು ಬರೆದ ಕಾಗದ ತಲುಪಿತು. ತಮ್ಮನ್ನು ಕೇಳಲಿಲ್ಲ ಎಂದು ತಾವು ಬರೆದಿದ್ದೀರಿ. ಕೇಳಿದ್ದೆ. ಸ್ಪಷ್ಟವಾಗಿ, ನನ್ನ ಕೈಬರಹದಲ್ಲಿ ಕೇಳಿದ್ದೆ. ಬೇಡ ಎಂದರೆ ನಿಲ್ಲಿಸುತ್ತೇನೆ ಎಂದೂ ಬರೆದಿದ್ದೆ. ಈಗ ಹೇಳದೆ ಕೇಳದೆ ಎನ್ನುವಷ್ಟು ತಮಗೆ ಧೈರ್ಯ ಇದ್ದರೆ, ತಮ್ಮ ಜೊತೆ ವಾದ ಮಾಡಲು ನನಗೆ ಶಕ್ತಿಯಿಲ್ಲ.

ಅಮ್ಮನ ಕಾಲಿನಲ್ಲಿ ಹುಣ್ಣಾಗಿದೆ. ಎಲುಬಿನ ತುದಿಯಲ್ಲೇ. ನೋಡುತ್ತೇನೆ ಎಂದರೆ ಬಾಗಿಲು ಹಾಕಿಕೊಂಡು ತಾನೇ ಬಿಚ್ಚಿ, ತಾನೇ ಒರೆಸಿ, "ಏನೂ ಇಲ್ಲ, ಬೆವರು" ಎನ್ನುತ್ತಿದ್ದಳು. ಮೊನ್ನೆ ಅಂಗಳದಲ್ಲಿ ಸುತ್ತು ಹಾಕಿದ ಜಾಗದಲ್ಲಿ ಕಲ್ಲಿನ ಮೇಲೆ ಕೆಂಪು ಹನಿ ಕಂಡೆ. ಅಲ್ಲಿಗೆ ಅವಳ ಬೆಣ್ಣೆಯ ಕಥೆ ಮುಗಿಯಿತು. ಸಾಕೆಟ್ ತೆಗೆಸಿದ್ದೇನೆ. ಗಾಯದೊಳಗೆ ಕೀವು. ಶಸ್ತ್ರವೈದ್ಯರು ಮುಖ ಸಿಂಡರಿಸಿ, "ಇದು ಒಣಗದಿದ್ರೆ ಮಂಡಿ ಉಳಿಸೋದು ಕಷ್ಟ" ಅಂದರು. ಈಗ ಮಂಡಿಯ ಕೆಳಗೆ ಹೋಗಿರುವ ಕಾಲು, ಆಗ ಮಂಡಿಯ ಮೇಲೆ ಹೋಗುತ್ತದೆ. ಮಂಡಿಯಿದ್ದರೆ ನಡೆಯಬಹುದು. ಅದೂ ಹೋದರೆ ಆ ವಯಸ್ಸಿಗೆ ನಡೆಯುವ ಮಾತು ಸುಮ್ಮನೆ ಮಾತು.

ತಪ್ಪು ಯಾರದೆಂದು ನಾನು ಊಹೆಯಿಂದ ಹೇಳುತ್ತಿಲ್ಲ. ಅಮ್ಮನ ಅದೇ ಅಳತೆಯ ಫೈಲನ್ನು ಹಳೆಯ ಯಂತ್ರದಲ್ಲೊಮ್ಮೆ, ಹೊಸದರಲ್ಲೊಮ್ಮೆ, ಲೈಬ್ರರಿಗೆ ನೇರವಾಗಿ ಕೊಟ್ಟು ನೋಡಿದೆ. ಉತ್ತರ ಒಂದೇ. ಒಂದಿಷ್ಟೂ ಹೆಚ್ಚುಕಮ್ಮಿಯಿಲ್ಲ. ಅಂದರೆ ನಾನು ಸಾಗಿಸಿದ್ದರಲ್ಲಿ ತಪ್ಪಿಲ್ಲ. ಸಾಗಿಸಿದ ಸಾಮಾನಿನಲ್ಲೇ ತಪ್ಪಿದೆ. ಸಣ್ಣಗಾದ ಕಾಲಿಗೆ ತಮ್ಮ ಲೆಕ್ಕ ಹೊಂದುವುದಿಲ್ಲ. ವೇದಿಕೆಯ ಮುಂದೆ ಎದ್ದು ನಿಂತು "ನನ್ನದು" ಎಂದಿರಲ್ಲ, ಇದೂ ತಮ್ಮದೇ. ಇಟ್ಟುಕೊಳ್ಳಿ.

ಇತಿ,
ತಮ್ಮ


೧೨ ಏಪ್ರಿಲ್

ಸಹಿಯಲ್ಲಿ "ತಮ್ಮ" ಎಂದು ಬರೆದಿದ್ದೀಯ. ತಾವು, ತಮ್ಮ, ತಮಗೆ ಅನ್ನುವ ತಮ್ಮವೋ, ನನ್ನ ಬೆನ್ನಿಗೆ ಬಿದ್ದ ತಮ್ಮನೋ? ಮೊದಲನೆಯದೇ ಇರಬೇಕು. ಎರಡನೆಯವನು ಹೀಗೆ ಬರೆಯುವುದಿಲ್ಲ.

ಆ ಲೆಕ್ಕ ಒಂಬತ್ತು ವರ್ಷ ನಡೆದಿದೆ. ಸಣ್ಣ ಕಾಲು, ದಪ್ಪ ಕಾಲು, ಮಕ್ಕಳ ಕಾಲು, ಮುದುಕರ ಕಾಲು, ಎಲ್ಲವೂ ಅದರಲ್ಲಿ ಕೂತು ಎದ್ದು ಓಡಾಡಿವೆ. ಒಬ್ಬರಿಗೂ ಎಲುಬಿನ ತುದಿಯಲ್ಲಿ ಹುಣ್ಣಾದದ್ದಿಲ್ಲ. ನೀನು ಕೈಹಾಕಿದೆ, ಮೊದಲ ಕಾಲಿಗೇ ಆಯಿತು, ಅದೂ ಅಮ್ಮನ ಕಾಲಿಗೆ. ಈಗ ಸಾಮಾನಿನಲ್ಲೇ ತಪ್ಪಿದೆ ಅನ್ನುತ್ತೀಯ. ಬೇರೆಯವರ ಬೆವರಿನ ಮೇಲೆ ಕುಳಿತು ಅವರನ್ನೇ ದೂರುವುದನ್ನು ಆ ಟೈ ಕಟ್ಟಿದವನಿಂದ ಚೆನ್ನಾಗಿ ಕಲಿತಿದ್ದೀಯ. ಕುರ್ಚಿ ಕಳ್ಳ ನೀನು.

ಈ ಸಾಲಿನವರೆಗೆ ಬರೆದು ಪೆನ್ನಿಟ್ಟು ಲಿಫ್ಟಿನ ಕೆಲಸಕ್ಕೆ ಹೋದೆ. ಮನಸ್ಸು ಅಲ್ಲೇ ಸುತ್ತುತ್ತಿತ್ತು. ಒಂದು ಮಾತು ಹೇಳು. ಲೈಬ್ರರಿಗೆ ನೇರವಾಗಿ ಕೊಟ್ಟೆ ಅಂದೆಯಲ್ಲ, ಅಂದರೆ ಪರದೆ ತೆರೆಯದೆಯೇ? ಪರದೆ ತೆರೆದಿಟ್ಟುಕೊಂಡು ಅದೇ ಫೈಲನ್ನು ಕೊಟ್ಟು ನೋಡು. ನಿನ್ನದೂ ನನ್ನದೂ ಭಾಷೆ ಬೇರೆಯಾದರೂ ಇರುವುದು ಒಂದೇ ಮನೆಯಲ್ಲಿ. ಮಹಡಿಯವರು ಏನನ್ನಾದರೂ ಬದಲಾಯಿಸಿದರೆ ಕೆಳಗಿನವರಿಗೆ ಹೇಳದೆಯೇ ತಟ್ಟುತ್ತದೆ. ಎಲುಬಿನ ತುದಿಗೆ ಎಷ್ಟು ಜಾಗ ಎಂದು ಲೈಬ್ರರಿ ಓದಿತೋ ಆ ಅಂಕಿಯನ್ನು ಹೊರಗೆ ಬರೆಸು. ಈ ಕಾಗದ ಸಿಕ್ಕ ದಿನವೇ ಮಾಡು.

ನಾನೂ ಬರುತ್ತೇನೆ. ಹತ್ತೊಂಬತ್ತು, ಭಾನುವಾರ, ಮಧ್ಯಾಹ್ನದ ಬಸ್ಸು. ನಿಮ್ಮ ಹೊಸ ಮನೆ ನಾನು ನೋಡಿಲ್ಲ. ನಿಲ್ದಾಣಕ್ಕೆ ಬಂದು ಕರೆದುಕೊಂಡು ಹೋಗು. ಆ ವರ್ಕ್‌ಶಾಪಿನ ಬಾಗಿಲನ್ನು ನಾನಾಗಿ ದಾಟುವುದಿಲ್ಲ, ನೀನು ಕೈ ಹಿಡಿದು ಕರೆದರೆ ದಾಟುತ್ತೇನೆ. ಅಮ್ಮನ ಮಂಡಿ ಉಳಿಯಬೇಕು. ಆಮೇಲೆ ಎಷ್ಟು ಬೇಕಾದರೂ ಜಗಳ ಆಡೋಣ.

ಅಕ್ಕ


೨೧ ಏಪ್ರಿಲ್

ಬಂದಿದ್ದೆ.

ನಿಲ್ದಾಣದ ಸಿಮೆಂಟು ಬೆಂಚಿನ ಮೇಲೆ, ಗಡಿಯಾರದ ಕೆಳಗೆ, ಎಲ್ಲರಿಗೂ ಕಾಣುವ ಕಡೆ ಕೂತಿದ್ದೆ. ನನ್ನ ಬಸ್ಸು ಬಂತು, ಅದರ ಹಿಂದೆ ಇನ್ನಷ್ಟು ಬಂದವು, ಹೋದವು. ಗುಡಿಸುವವಳು ಎರಡು ಸಲ ನನ್ನ ಕಾಲೆತ್ತಿಸಿ ಗುಡಿಸಿದಳು. ಎರಡನೇ ಸಲ "ಯಾರಾದ್ರೂ ಬರ್ತಾರಾ ಅಮ್ಮಾ?" ಅಂತ ಕೇಳಿದಳು. ಬರ್ತಾರೆ ಅಂದೆ.

ಫೋನ್ ಕೈಯಲ್ಲೇ ಇತ್ತು. ಮಾಡಲಿಲ್ಲ. ಮುಟ್ಟಬೇಡಿ ಎಂದು ಅಮ್ಮ ಹೇಳಿದ್ದಳು ಎಂಬುದು ನೆಪ. ಮಾಡಿದರೆ ನಿನ್ನ ಮುಂದೆ ಅತ್ತುಬಿಡುತ್ತಿದ್ದೆ, ಅದಕ್ಕೇ ಮಾಡಲಿಲ್ಲ. ಕೊನೆಯ ಬಸ್ಸಿಗೆ ಹತ್ತಿ ವಾಪಸು ಬಂದೆ.

ಇಷ್ಟು ದ್ವೇಷವಿದ್ದರೆ ಬರಬೇಡ ಎಂದು ಬರೆದಿದ್ದರೆ ಸಾಕಿತ್ತು. ಇನ್ನು ನನಗೆ ಬರೆಯಬೇಡ.


೨ ಮೇ

ಅಕ್ಕ,

ಬರೆಯಬೇಡ ಅಂದೆ. ಬರೆಯುತ್ತೇನೆ. ಹರಿದು ಹಾಕುವುದಿದ್ದರೆ ಪೂರ್ತಿ ಓದಿ ಹರಿದು ಹಾಕು.

ನೀನು ಬರುವುದು ನನಗೆ ಗೊತ್ತಿರಲಿಲ್ಲ. ಹನ್ನೆರಡರ ಕಾಗದ ಬಂದಾಗ "ಕುರ್ಚಿ ಕಳ್ಳ ನೀನು" ಎಂಬಲ್ಲಿಯವರೆಗೆ ಓದಿದೆ. ಅದರ ಮುಂದಿನ ಚುಕ್ಕೆಯನ್ನು ದಾಟಲಿಲ್ಲ. ಮುದ್ದೆ ಮಾಡಿ ಮೇಜಿನ ಖಾನೆಗೆ ತುರುಕಿದೆ. ಸಿಟ್ಟಿನಿಂದ ಕಣ್ಣು ಉರಿಯುತ್ತಿತ್ತು, ಇನ್ನೇನು ಓದುವುದು?

ನಿನ್ನ ಮುಂದಿನ ಕಾಗದವನ್ನು ಪಕ್ಕದ ಮನೆಯವರು ಆಸ್ಪತ್ರೆಗೇ ತಂದುಕೊಟ್ಟರು, ಅಮ್ಮನನ್ನು ವಾರ್ಡಿಗೆ ಸೇರಿಸಿ ಆಗಿತ್ತು. "ಬಂದಿದ್ದೆ" ಎಂದು ಓದಿ ನನಗೆ ತಲೆಬುಡ ತಿಳಿಯಲಿಲ್ಲ. ಅಮ್ಮ ನನ್ನ ಮುಖ ನೋಡಿದಳು. "ಅದಕ್ಕಿಂತ ಮುಂಚೆ ಬಂದ ಕಾಗದ ಎಲ್ಲಿ? ತಗೊಂಡು ಬಾ" ಅಂದಳು. ತಂದೆ. "ಗಟ್ಟಿಯಾಗಿ ಓದು. ಮೊದಲಿಂದ." ಆ ವಾರ್ಡಿನಲ್ಲಿ, ಅಕ್ಕಪಕ್ಕದ ಹಾಸಿಗೆಯವರು ತಟ್ಟೆ ಹಿಡಿದುಕೊಂಡು ಕೇಳುತ್ತಿದ್ದಂತೆ, ನಾನು ಕುರ್ಚಿ ಕಳ್ಳ ಎಂದು ನನಗೇ ಗಟ್ಟಿಯಾಗಿ ಓದಿಕೊಂಡೆ. ಮತ್ತೆ ಮುಂದಕ್ಕೆ ಓದಿದೆ. ಭಾನುವಾರ, ನಿಲ್ದಾಣ, ಕೈ ಹಿಡಿದು ಕರೆದರೆ ದಾಟುತ್ತೇನೆ. ಓದಿ ಮುಗಿಸಿದಾಗ ಅಮ್ಮ ಕಾಗದ ಇಸಿದುಕೊಂಡು, ಸುಕ್ಕು ಬಿಡಿಸಿ ಮಡಚಿ ದಿಂಬಿನ ಕೆಳಗಿಟ್ಟುಕೊಂಡಳು. ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅಲ್ಲಿಂದ ನೇರ ವರ್ಕ್‌ಶಾಪಿಗೆ ಓಡಿದೆ. ಪರದೆ ತೆರೆದಿಟ್ಟು ಅಮ್ಮನ ಫೈಲು ಕೊಟ್ಟೆ. ಕಾಲಣ್ಣ ಅಲ್ಲಿ ಬರೆದಿರುವುದು ಸೊನ್ನೆ ಚುಕ್ಕೆ ಎಂಟು. ಲೈಬ್ರರಿ ಓದಿದ್ದು ಸೊನ್ನೆ. ಪರದೆ ಮುಚ್ಚಿ ಕೊಟ್ಟೆ, ಸೊನ್ನೆ ಚುಕ್ಕೆ ಎಂಟು. ತೆರೆದು ಕೊಟ್ಟೆ, ಸೊನ್ನೆ. ಕಾಲಣ್ಣ ನನ್ನ ಭುಜದ ಮೇಲಿಂದ ನೋಡುತ್ತಿದ್ದವನು ಅಲ್ಲೇ ಸ್ಟೂಲಿನ ಮೇಲೆ ಕುಸಿದ. "ನಾನು ಬರೆದಿದ್ದೆ ಕಣಪ್ಪ, ನಾನು ಸರಿಯಾಗೇ ಬರೆದಿದ್ದೆ" ಅಂತ ಅದನ್ನೇ ಹೇಳುತ್ತಿದ್ದ.

ಹೊಸ ಸಿಸ್ಟಮ್ಮಿನಲ್ಲಿ ಪರದೆ ತೆರೆದ ಕೂಡಲೇ ಅದು ಇಡೀ ಪ್ರೋಗ್ರಾಮಿಗೆ ಒಂದು ಅಪ್ಪಣೆ ಹೊರಡಿಸುತ್ತದೆ: ಇನ್ನು ಮೇಲೆ ಅಲ್ಪವಿರಾಮದ ಕ್ರಮ, ಚುಕ್ಕೆಗೆ ಬೆಲೆಯಿಲ್ಲ. ನನ್ನ ಭಾಷೆ ಅದಕ್ಕೆ ಕಿವಿಗೊಡುವುದಿಲ್ಲ. ನಿನ್ನ ಭಾಷೆ ವಿಧೇಯವಾಗಿ ಕೇಳುತ್ತದೆ. ಸೊನ್ನೆ ಎಂದು ಓದುತ್ತದೆ, ಚುಕ್ಕೆ ಕಾಣುತ್ತದೆ, ಇದು ಅಂಕಿಯಲ್ಲ ಎಂದು ಅಲ್ಲಿಗೆ ನಿಲ್ಲಿಸಿ ಉಳಿದದ್ದನ್ನು ಬಿಸಾಕುತ್ತದೆ. ಎಲುಬಿನ ತುದಿಗೆ ಒಂದು ಎಳೆಯಷ್ಟೂ ಜಾಗವಿಲ್ಲದ ಬಟ್ಟಲಿನಲ್ಲಿ ಅಮ್ಮ ಲೆಫ್ಟ್ ರೈಟ್ ಮಾಡಿದಳು.

ಇದನ್ನು ನಾನು ಮೊದಲ ಕಾಗದದಲ್ಲೇ ಕೇಳಿದ್ದೆ, ಅಕ್ಕ. ಚುಕ್ಕೆ ಹೋಗಿ ಕೊಕ್ಕೆ ಬಂದಿದೆ, ನಿನ್ನ ಲೈಬ್ರರಿಗೆ ತಟ್ಟುತ್ತದೆಯಾ ಎಂದು. ಅಮ್ಮನಿಗೆ ಹಾಕಲಾ ಎಂದೂ ಕೇಳಿದ್ದೆ. ಎರಡನೇ ಪುಟದಲ್ಲಿ. ನೀನು ಯಾಕೆ ಹೇಳಲಿಲ್ಲ?

ಕೀವು ಮೇಲೆ ಏರುತ್ತಿದೆ. ಔಷಧಿ ಬದಲಾಯಿಸಿದ್ದಾರೆ.

ಬಾಲ


೯ ಮೇ

ಬ್ಯಾಗಿನ ಒಳಜೇಬಿನಲ್ಲಿ ಸಿಕ್ಕಿತು. ನಿನ್ನ ಮೊದಲ ಕಾಗದ.

"ಹಳೇದನ್ನೆಲ್ಲ ಮರೆತಿರ್ತಾಳೆ ಅಂದರು." ನಾನು ಅಲ್ಲಿಗೇ ನಿಲ್ಲಿಸಿದ್ದೆ. ಅಲ್ಲೊಂದು ಚುಕ್ಕೆ ಇದೆ. ಕೆಳಗೆ ಪುಟ ತಿರುಗಿಸು ಎಂದೂ ಇದೆ. ತಿರುಗಿಸಲಿಲ್ಲ. ಮಡಚಿ ಜೇಬಿಗೆ ತುರುಕಿ ಉತ್ತರ ಬರೆಯಲು ಕೂತೆ. ಬೈಗುಳಕ್ಕೆ ಬೇಕಾದಷ್ಟು ಸಾಮಗ್ರಿ ಒಂದೇ ಪುಟದಲ್ಲಿ ಸಿಕ್ಕಿತ್ತಲ್ಲ.

ಇವತ್ತು ತಿರುಗಿಸಿದೆ. ಅಮ್ಮನ ಟಕ್ ಟಕ್, ಅವಳ ಹಟ, ನೀನು ಬೇಡ ಅಂದರೆ ಬೇಡ, ಕೊಕ್ಕೆ. ಎಲ್ಲ ಅಲ್ಲೇ, ನೀಲಿ ಶಾಯಿಯಲ್ಲಿ. ಚುಕ್ಕೆ, ಅಲ್ಪವಿರಾಮ ಎಂದು ಕಂಡಿದ್ದರೆ ನಾನು ಒಂದೇ ಉಸಿರಿನಲ್ಲಿ ಹೇಳುತ್ತಿದ್ದೆ ಬಾಲ. ನನ್ನ ಲಿಫ್ಟಿನ ಕೋಡಿನಲ್ಲೂ ಇದೇ ತಂಟೆ ಬಂದಿತ್ತು. ಪೆಟ್ಟಿಗೆ ಎರಡು ಮಹಡಿಗಳ ನಡುವೆ ನಿಂತಿತು, ಒಳಗೆ ಯಾರೂ ಇರಲಿಲ್ಲ, ನಕ್ಕು ಸರಿಮಾಡಿದೆವು.

ಅಂಕಿ ಓದುವ ಸಾಲು ಬದಲಾಯಿಸು. ಯಾವ ಊರಿನ ಕ್ರಮವೇ ಇರಲಿ, ಚುಕ್ಕೆಯನ್ನು ಚುಕ್ಕೆಯೆಂದೇ ಓದಬೇಕು. ಇನ್ನೊಂದು ಸಾಲು ಸೇರಿಸು: ಓದಿದ ಮೇಲೆ ಏನಾದರೂ ಉಳಿದಿದ್ದರೆ ಸುಮ್ಮನೆ ಮುಂದೆ ಹೋಗಕೂಡದು, ನಿಂತು ಕೂಗಬೇಕು. ಉಳಿದದ್ದನ್ನು ಸದ್ದಿಲ್ಲದೆ ಬಿಸಾಕುವ ಹಾಗೆ ಬರೆದವಳು ನಾನೇ. ಆದರೂ ನನ್ನ ಸಿಟ್ಟು ಹೋಗಿಲ್ಲ. ಹಲ್ಲು ಕಡಿದು ಕಡಿದು ದವಡೆ ನೋಯುತ್ತಿದೆ. ನಿನ್ನ ಮೇಲೋ, ನನ್ನ ಮೇಲೋ, ಆ ಟೈ ಮೇಲೋ, ಯಾರ ಮೇಲೆ ಇಳಿಸಲಿ ಹೇಳು.

ಮಂಡಿಯ ವಿಷಯ ಬರೆ. ಬೇರೆ ಏನೂ ಬರೆಯಬೇಡ. ಮಂಡಿಯ ವಿಷಯ ಬರೆ.

ಅಕ್ಕ


೧೧ ಮೇ

ಅಕ್ಕ,

ಮಂಡಿ ಉಳಿಯಲಿಲ್ಲ.


೧೭ ಮೇ

ಬಾಲ,

ನಿನ್ನ ಕಾಗದದಲ್ಲಿ ಎರಡೇ ಪದ ಇತ್ತು. ಹಿಂದೆ ತಿರುಗಿಸಿದೆ. ಹಿಂದೆ ಏನೂ ಇರಲಿಲ್ಲ. ಕಿಟಕಿಗೆ ಹಿಡಿದು ಬೆಳಕಿನಲ್ಲಿ ನೋಡಿದೆ. ಲಕೋಟೆ ಹರಿದು ಒಳಗಡೆ ನೋಡಿದೆ. ಕೆಳಗಿನ ಬೀಗದವನು ಮೇಲೆ ಬಂದು "ಏನಾಯ್ತಮ್ಮ, ಏನೋ ಒಡೆದ ಸದ್ದು" ಅಂದ. ಲೋಟ ಎಸೆದಿದ್ದೆ, ಗೋಡೆಗೆ.

ಅಮ್ಮನನ್ನು ನೋಡಬೇಕು. ನೋಡುವ ಮುಖವಿಲ್ಲ. ಮಂಡಿಯ ಮೇಲಿನ ಕಾಲಿಗೆ ನನ್ನ ಲೆಕ್ಕ ಉಪಯೋಗಕ್ಕೆ ಬರುವುದಿಲ್ಲ, ಆ ಸಾಕೆಟ್‌ನ ಆಕಾರವೇ ಬೇರೆ, ಮೊದಲಿನಿಂದ ಬರೆಯಬೇಕು. ಬರೆಯುತ್ತೇನೆ. ಆ ಕಟ್ಟಡದೊಳಗೆ ಕೂತೇ ಬರೆಯುತ್ತೇನೆ. ಟೈ ಬಾಗಿಲಲ್ಲಿ ನಿಂತಿದ್ದರೆ ಪಕ್ಕಕ್ಕೆ ಸರಿಸಿ ಹೋಗುತ್ತೇನೆ. ನೀನು ಕೈ ಹಿಡಿಯುವುದೇನೂ ಬೇಡ.

ಆದರೆ ಮೊದಲು ಅವಳನ್ನು ಕೇಳು. ನಾನು ಬರಬಹುದಾ ಎಂದು ಅಮ್ಮನನ್ನು ಕೇಳಿ ಬರೆ. ಬೇಡ ಅಂದರೆ ಅದನ್ನೂ ಬರೆ. ಪೂರ್ತಿ ಓದುತ್ತೇನೆ.

ಅಕ್ಕ


೨೫ ಮೇ

ಅಕ್ಕ,

ಕೇಳಿದೆ. "ನಾನು ಹೇಳ್ತೀನಿ, ನೀನು ಬರಿ. ಮಧ್ಯೆ ನಿನ್ನ ಮಾತು ಸೇರಿಸಬೇಡ" ಅಂದಳು. ಸೇರಿಸುತ್ತಿಲ್ಲ. ಇದು ಅಮ್ಮನ ಮಾತು:

"ನೋಡಿ, ನನಗೆ ಸಿಟ್ಟು ಬಂದಿದೆ. ಇಷ್ಟು ಸಿಟ್ಟು ನನಗೆ ಬಸ್ಸಿನ ಡ್ರೈವರ್ ಮೇಲೂ ಬಂದಿರಲಿಲ್ಲ. ಅವನಿಗೆ ನಾನು ಕಾಣಲಿಲ್ಲ, ಪಾಪ. ನಿಮಗೆ ಕಾಣ್ತಿದ್ದೆ. ಇಬ್ಬರ ಕಾಗದದಲ್ಲೂ ನಾನೇ ಇದ್ದೆ. ಒಬ್ಬಳು ಪುಟ ತಿರುಗಿಸಲಿಲ್ಲ, ಇನ್ನೊಬ್ಬ ಸಾಲು ದಾಟಲಿಲ್ಲ. ಹುಣ್ಣಾಗಿದ್ದನ್ನ ನಾನು ಮುಚ್ಚಿಟ್ಟೆ, ಅದು ನನ್ನ ಹಟ. ಹೇಳಿದ್ರೆ ನಿಮ್ಮಿಬ್ಬರಲ್ಲಿ ಯಾರಾದ್ರೂ ಒಬ್ಬರದ್ದು ತಪ್ಪು ಅಂತ ಆಗ್ತಿತ್ತು. ಅದಕ್ಕೇ ಹೇಳಲಿಲ್ಲ. ಈಗ ಇಬ್ಬರದ್ದೂ ಅಂತ ಆಯ್ತು, ಸಮಾಧಾನ ತಾನೆ?

"ಫೋನ್ ಬೇಡ, ಕಾಗದ ಬರೆಯಿರಿ ಅಂತ ಹೇಳಿದ್ದು ನಾನೇ. ಬರೆಯಿರಿ ಅಂತ ಹೇಳಿದೆ. ಬಂದಿದ್ದನ್ನ ಓದಿ ಅಂತ ಬೇರೆ ಹೇಳಬೇಕಾಗುತ್ತೆ ಅಂತ ಗೊತ್ತಿರಲಿಲ್ಲ. ಓದು ಕಲಿಸಿದ ಮಕ್ಕಳು ಅಂದ್ಕೊಂಡಿದ್ದೆ.

"ಮಗಳೇ, ಬರಬಹುದಾ ಅಂತ ಕೇಳಿದೀಯ. ತಾಯಿ ಹತ್ರ ಬರೋಕೆ ಅಪ್ಪಣೆ ಕೇಳ್ತಾರೇನೇ? ಬಾ. ಇವನು ಈ ಸಲ ನಿಲ್ದಾಣಕ್ಕೆ ಬಂದೇ ಬರ್ತಾನೆ, ಬರದಿದ್ರೆ ಸೀಟಿ ಊದ್ತೀನಿ. ನಿನ್ನ ಕೆಲಸಕ್ಕೆ ರಜ ಸಿಕ್ಕಾಗ ಬಾ, ಸಿಟ್ಟು ಇಳಿದಾಗ ಬಾ, ಇಳಿಯದಿದ್ರೆ ಹಾಗೇ ಬಾ. ಅವಸರ ಏನೂ ಇಲ್ಲ. ನಾನು ಇಲ್ಲೇ ಇರ್ತೀನಿ. ಇನ್ನೆಲ್ಲಿಗೆ ನಡ್ಕೊಂಡು ಹೋಗ್ಲಿ?"